ಬೆಟ್ಟ ಕಾಣದ ಕೋಣೆ

ಝಾಬ್ಲ್ಯಾಕಿನ ದಾರಿ ಕೊನೆಯ ಸಲ ತಿರುಗುವಲ್ಲಿ
ಆ ಬದಿಗೆ ಕೊವಿಲ್ಕಾ, ಈ ಬದಿಗೆ ನಾನು.
ಇಬ್ಬರ ಕೈಯಲ್ಲೂ ರಟ್ಟು, ರಟ್ಟಿನ ಮೇಲೆ ಒಂದೇ ಪದ:
ಸೋಬೆ. ಕೋಣೆಗಳಿವೆ ಅಂತ.
ನನ್ನದು ಬಿಸ್ಕತ್ತಿನ ಪೆಟ್ಟಿಗೆಯದು, ಅವಳದು ಟೀವಿಯದು,
ಭೇದ ಅಷ್ಟೇ.
ಮಾತು ಬಿಟ್ಟು ಹನ್ನೊಂದು ವರ್ಷ,
ಹುಲ್ಲುಗಾವಲಿನ ಬೇಲಿ ಒಂದು ಗೇಣು
ಯಾರ ಕಡೆಗೆ ಸರಿಯಿತು ಅಂತ.
ಹಸುಗಳಿಗೆ ಅದರ ಗೊಡವೆಯಿಲ್ಲ,
ಎರಡೂ ಕಡೆ ಮೇದು ಬರುತ್ತವೆ.

ಕಾರು ನಿಧಾನವಾದರೆ ಸಾಕು, ಗಾಜು ಇಳಿಯುತ್ತದೆ:
ಕಪ್ಪು ಸರೋವರಕ್ಕೆ ನಡೆದರೆ ಎಷ್ಟು ಹೊತ್ತು?
ಬಿಸಿನೀರು ದಿನವಿಡೀ ಉಂಟೇ? ನಾಯಿ ಕಚ್ಚುತ್ತದೆಯೇ?
ಎಲ್ಲಕ್ಕೂ ಹತ್ತಿರ ಬೇಕು, ಎಲ್ಲರಿಂದ ದೂರ ಬೇಕು,
ಮೌನ ಬೇಕು, ವೈಫೈಯೂ ಬೇಕು.
ಒಬ್ಬಾಕೆ ಹಾಸಿಗೆಯನ್ನು ತಟ್ಟಿ ನೋಡಿದಳು
ಸಂತೆಯಲ್ಲಿ ಕಲ್ಲಂಗಡಿ ತಟ್ಟಿದ ಹಾಗೆ.

ನನ್ನ ಉತ್ತರ ಒಂದೇ. ಮೆಟ್ಟಿಲು ಹತ್ತಿಸಿ
ಪರದೆ ಸರಿಸುತ್ತೇನೆ.
ದುರ್ಮಿತೊರ್, ಇಡೀ ದುರ್ಮಿತೊರ್,
ಚೌಕಟ್ಟಿಗೆ ಹಿಡಿಸದೆ ಎರಡೂ ಬದಿಗೆ ಚೆಲ್ಲಿಕೊಂಡು,
ಜುಲೈಯಲ್ಲೂ ಕಂಕುಳಲ್ಲಿ ಹಿಮ ಇಟ್ಟುಕೊಂಡು.
ಆಮೇಲೆ ಯಾರೂ ಬಿಸಿನೀರಿನ ಮಾತೆತ್ತುವುದಿಲ್ಲ.
ಕೆಳಗೊಂದು ಮೂಲೆಯಲ್ಲಿ ಕೊವಿಲ್ಕಾಳ ತಗಡಿನ ಸೂರು.
ಅದನ್ನು ನಾನು ತೋರಿಸುವುದಿಲ್ಲ.

ಮಿಲುತಿನ್ ಮನೆ ಕಟ್ಟುವಾಗಲೇ ಹಾಗೆ ತಿರುಗಿಸಿದ್ದ,
ನಾಲ್ಕು ಕೋಣೆ, ನಾಲ್ಕೂ ಬೆಟ್ಟಕ್ಕೆ.
ಕೊವಿಲ್ಕಾಳ ಮಾವ ಗಾಳಿಗೆ ಹೆದರಿದವನು,
ಬೆಟ್ಟಕ್ಕೆ ಬೆನ್ನು ಹಾಕಿ ಕಟ್ಟಿದ.
ಅವಳ ಕಿಟಕಿಗಳಲ್ಲಿ ಸೌದೆ ಒಟ್ಟಿಲು, ಆಲೂಗಡ್ಡೆ ಮಡಿ,
ನನ್ನ ಮನೆಯ ಹೊಗೆಗೂಡು.
ಬಂದವರೆಲ್ಲ ನನಗೆ, ಮಿಕ್ಕವರು ಅವಳಿಗೆ.
ಮಿಕ್ಕವರು ಯಾರೂ ಇರುತ್ತಿರಲಿಲ್ಲ.
ಖುಷಿಪಟ್ಟಿದ್ದೇನೆ, ಸುಳ್ಳೇಕೆ.

ಸೆಪ್ಟೆಂಬರಿನ ಕೊನೆ. ಬಸ್ಸಿನಿಂದ ಒಬ್ಬನೇ ಇಳಿದ,
ಅರವತ್ತು ದಾಟಿದವನು, ಕಾಲಲ್ಲಿ ಪೇಟೆಯ ಷೂ.
ಕೋಣೆ ತೋರಿಸಿದೆ. ಪರದೆ ಸರಿಸಿದೆ.
ಅವನು ಹೊಸ್ತಿಲು ದಾಟಲಿಲ್ಲ.
"ಬೆಟ್ಟ ಕಾಣದ್ದು ಒಂದಿದೆಯೇ?"
ಪಕ್ಕದ್ದು ತೆರೆದೆ. ಅಲ್ಲೂ ಬೆಟ್ಟ.
ಮೂರನೆಯದು. ಅಲ್ಲೂ.
ನಾಲ್ಕನೆಯ ಬಾಗಿಲಲ್ಲಿ ಕೈ ತಾನಾಗಿ ನಿಂತಿತು.
"ನನ್ನ ಮಗಳು," ಅಂದ. "ಫೆಬ್ರವರಿಯಲ್ಲಿ. ಹಿಮ ಜಾರಿ.
ಕರಗಿದ ಮೇಲೆ ಅವಳ ಚೀಲ ಸಿಕ್ಕಿತಂತೆ,
ನಾಳೆ ಪಾರ್ಕಿನ ಕಚೇರಿಯಲ್ಲಿ ಕೊಡುತ್ತಾರೆ.
ಒಂದು ರಾತ್ರಿ. ಹತ್ತಿರ ಇರಬೇಕು.
ನೋಡಲಾರೆ."

ಅವನ ಪೆಟ್ಟಿಗೆ ಎತ್ತಿಕೊಂಡೆ. ರಸ್ತೆಯೆಂದರೆ ಎಂಟು ಹೆಜ್ಜೆ,
ಹನ್ನೊಂದು ವರ್ಷ ದಾಟದ ಎಂಟು ಹೆಜ್ಜೆ.
ಕೊವಿಲ್ಕಾ ರಟ್ಟನ್ನು ಎದೆಗವಚಿ ನಿಂತಿದ್ದಳು,
ಜಗಳಕ್ಕೆ ಬಂದೆ ಅಂದುಕೊಂಡಿರಬೇಕು.
"ಸೌದೆ ಕಾಣುವ ಕೋಣೆ," ಅಂದೆ. "ಇವರಿಗೆ ಅದೇ ಬೇಕು."
ಅವಳು ಅವನ ಮುಖ ನೋಡಿದಳು, ಏನೂ ಕೇಳಲಿಲ್ಲ.
"ಷೂ ಹೊರಗೆ ಬಿಡಿ. ಸಾರು ಒಲೆಯ ಮೇಲಿದೆ."

ರಾತ್ರಿ ನನ್ನ ಕಿಟಕಿಗೆ ಅವಳ ಮನೆಯ ದೀಪ ಕಂಡಿತು.
ಅದರ ಹಿಂದೆ ಬೆಟ್ಟ ಇದ್ದೇ ಇತ್ತು, ಎಲ್ಲಿಗೆ ಹೋಗುತ್ತದೆ.
ಪರದೆ ಎಳೆದೆ. ಕೊಂಡಿ ಕಿತ್ತು ಕೈಗೆ ಬಂತು:
ಮೂವತ್ತು ವರ್ಷ ಸರಿಸುವುದಕ್ಕೆಂದೇ ಇದ್ದ ಪರದೆ,
ಮುಚ್ಚುವುದು ಅದಕ್ಕೆ ಗೊತ್ತಿರಲಿಲ್ಲ.

ಮರುದಿನ ಎರಡು ಚೀಲ ಹೊತ್ತು ಅವನು ಬಸ್ಸು ಹತ್ತಿದ.
ಒಂದು ಕೆಂಪು, ಬಣ್ಣ ಮಾಸಿದ್ದು;
ಅದನ್ನು ಮೇಲಿಡದೆ ತೊಡೆಯ ಮೇಲಿಟ್ಟುಕೊಂಡ.

ಮಧ್ಯಾಹ್ನ ಕೊವಿಲ್ಕಾ ರಸ್ತೆ ದಾಟಿ ಬಂದು
ನನ್ನ ಪಕ್ಕ ನಿಂತಳು, ರಟ್ಟು ಹಿಡಿದು.
"ಈ ಕಡೆ ಬಿಸಿಲಿದೆ," ಅಂದಳು.
ಇರಲಿಲ್ಲ. ಬೆಳಗಿನಿಂದ ಮೋಡ.
ನಾನು ಜರುಗಿ ಜಾಗ ಬಿಟ್ಟೆ,
ಒಂದು ಗೇಣು.